ಬದುಕಿದ್ದವನ ವೀರಗಲ್ಲು

ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡೋಣ: ಕಾಲಿಗೆ ಹಾಕಿಕೊಂಡರೆ ಕತ್ತು ಹೋಗುವ ಒಡವೆ ಯಾವುದು?

ಗೆಜ್ಜೆ ಅನ್ನಬೇಡಿ. ಕಡಗವಲ್ಲ, ಕಾಲುಂಗುರವಲ್ಲ, ಸಂಕೋಲೆಯೂ ಅಲ್ಲ. ತಲೆ ಕೆರೆದುಕೊಂಡು ಇರುವ ಕೂದಲನ್ನೂ ಕಳೆದುಕೊಳ್ಳಬೇಡಿ. ಪೊನ್ನಾಳಪಟ್ಟಣದಲ್ಲಿ ಹುಟ್ಟಿದವರ ಹೊರತು ಬೇರೆ ಯಾರಿಗೂ ಇದು ಬಿಡಿಸಲು ಬರುವುದಿಲ್ಲ, ಅಲ್ಲಿ ಹುಟ್ಟಿದವರು ಈಗ ಯಾರೂ ಉಳಿದಿಲ್ಲ. ಉತ್ತರ ನಾನೇ ಹೇಳುತ್ತೇನೆ, ಮೊದಲು ಪಟ್ಟಣ ನೋಡಿಕೊಂಡು ಬರೋಣ ಬನ್ನಿ.

ಕೆಂಪುಕಲ್ಲಿನ ಕೋಟೆಯನ್ನು ಡಾಬಿನಂತೆ ಸೊಂಟಕ್ಕೆ ಬಿಗಿದು, ಮಳಲಹೊಳೆಯ ತಿಳಿನೀರಿನಲ್ಲಿ ತನ್ನ ಶಿಖರಗಳ ಪ್ರತಿಬಿಂಬವನ್ನು ತಾನೇ ಕಂಡು ಬೀಗುತ್ತಿದ್ದ, ಶೈವಮಠದ ಘಂಟಾನಾದವೂ ಬಸದಿಯ ಸ್ತೋತ್ರಪಾಠವೂ ವಿಷ್ಣುಗೃಹದ ಶಂಖಧ್ವನಿಯೂ ಒಂದನ್ನೊಂದು ಹಿಂದಿಕ್ಕಲು ಪ್ರತಿ ಮುಂಜಾನೆ ಪೈಪೋಟಿ ನಡೆಸುತ್ತಿದ್ದ ಆ ಮಹಾನಗರಿಯಲ್ಲಿ ಚಿಹ್ನೆಯಿಲ್ಲದ ವಸ್ತುವೊಂದೂ ಇರಲಿಲ್ಲ. ಬಾಗಿಲವಾಡದ ಮೇಲೆ ಗಜಲಕ್ಷ್ಮಿ, ಧ್ವಜದ ಮೇಲೆ ಮೀನು, ದಾನಶಾಸನದ ನೆತ್ತಿಯ ಮೇಲೆ ಸೂರ್ಯಚಂದ್ರರು, ಎಣ್ಣೆಗಾಣದ ಕಲ್ಲಿನ ಮೇಲೂ ಒಂದು ಪದ್ಮ. ಹೀಗಾಗಿ ಯಾವುದನ್ನೂ ಅದು ಇದ್ದ ಹಾಗೆ ನೋಡುವ ಅಭ್ಯಾಸ ಅಲ್ಲಿನ ಜನಕ್ಕೆ ತಪ್ಪಿಹೋಗಿತ್ತು. ಅರಮನೆಯ ಮಾಡಿನ ಮೇಲೆ ಕಾಗೆ ಕೂತರೆ ಮಂತ್ರಾಲೋಚನೆಯ ಸಭೆ ಸೇರುತ್ತಿತ್ತು. ಪಟ್ಟದರಾಣಿ ನೀಲಿ ಸೀರೆ ಉಟ್ಟರೆ "ಯಾಕೆ ನೀಲಿ?" ಎಂದು ಗುಸುಗುಸು ಹೊರಟು, ಮಧ್ಯಾಹ್ನದ ಹೊತ್ತಿಗೆ ಗಡಿಯ ಸೈನ್ಯಕ್ಕೆ ಎಚ್ಚರಿಕೆ ಹೋಗುತ್ತಿತ್ತು. ಪಾಪ, ಆಕೆಯ ಬೇರೆ ಸೀರೆ ಒಣಗಿರಲಿಲ್ಲ, ಅಷ್ಟೆ.

ಇನ್ನು ಉತ್ತರ. ಆ ಒಡವೆಯ ಹೆಸರು ತೊಡರು. ಎಡಗಾಲಿಗೆ ಹಾಕುವ ದಪ್ಪ ಕಂಚಿನ ಬಳೆ. "ನನ್ನ ಒಡೆಯ ಎಂದು ಸಾಯುತ್ತಾನೋ ಅಂದೇ ನಾನೂ ತಲೆ ಕೊಡುತ್ತೇನೆ" ಎಂದು ದೇವರೆದುರು ಆಣೆಯಿಟ್ಟ ಯೋಧನನ್ನು ವೇಳೆವಾಳಿ ಎಂದು ಕರೆದು, ಅವನ ಕಾಲಿಗೆ ಆ ತೊಡರನ್ನು ಬೆಸೆದುಬಿಡುತ್ತಿದ್ದರು. ಗೋಣರಸ ಮಹಾರಾಜನ ವೇಳೆವಾಳಿಯ ಹೆಸರು ಮಸಣಯ್ಯ. ಹೆಸರಿಟ್ಟ ತಾಯಿಗೆ ಮುಂದಾಲೋಚನೆ ಇತ್ತೋ ಏನೋ.

ಮಹಾರಾಜನ ಕ್ಷೇಮ ಬಯಸುವವರು ಅರಮನೆಯಲ್ಲಿ ಬಹಳ ಮಂದಿ ಇದ್ದರು. ಆದರೆ ಮಹಾರಾಜ ಸೀನಿದ ಕೂಡಲೇ ಕೈ ತಾನಾಗಿ ಸ್ವಂತ ಕುತ್ತಿಗೆಗೆ ಹೋಗುತ್ತಿದ್ದವನು ಮಸಣಯ್ಯ ಒಬ್ಬನೇ.

"ಪ್ರಭು, ಹಲಸಿನ ತೊಳೆ ಇನ್ನು ಸಾಕು."

"ತಿನ್ನುವುದು ನಾನು. ನಿನಗೇಕಯ್ಯ ಹೊಟ್ಟೆನೋವು?"

"ಹೊಟ್ಟೆನೋವಲ್ಲ ಪ್ರಭು, ಕುತ್ತಿಗೆನೋವು."

ಮಹಾರಾಜ ಬಿದ್ದು ಬಿದ್ದು ನಗುತ್ತಿದ್ದ. ಆ ನಗು ಕೆಮ್ಮಾಗಿ ತಿರುಗಿದರೆ ಮಸಣಯ್ಯನ ಮುಖ ಬಿಳಿಚಿಕೊಳ್ಳುತ್ತಿತ್ತು. ಆ ವರ್ಷ ಕೆಮ್ಮು ಹೆಚ್ಚೇ ಆಗಿತ್ತು. ಮಹಾರಾಜ ಸೊರಗಿದ್ದ. ರಾಜವೈದ್ಯ ಕಾವಣ್ಣ ದಿನಾ ಸಂಜೆ ಒಂದು ಬಟ್ಟಲು ಕಷಾಯ ಕುಡಿಸಿ, ತುಟಿ ಬಿಗಿದುಕೊಂಡು ಹೋಗುತ್ತಿದ್ದ. ಮಹಾರಾಜನಿಗೆ ಮಕ್ಕಳಿಲ್ಲ. ಅವನು ಹೋದರೆ ದಾಯಾದಿಯ ಎಳೆಮಗುವಿಗೆ ಪಟ್ಟ. ಮಗು ತೊಟ್ಟಿಲಲ್ಲಿ ಮಲಗಿರುವಷ್ಟು ಕಾಲ ರಾಜ್ಯವಾಳುವವನು ಮಹಾಪ್ರಧಾನ ಏಚಿರಾಜ.

ಈ ಏಚಿರಾಜನ ಬಗ್ಗೆ ಎರಡು ಮಾತು ಹೇಳಲೇಬೇಕು. ರಾಜ್ಯದ ಶಾಸನಗಳನ್ನೆಲ್ಲ ಅವನೇ ಮುಂದೆ ನಿಂತು ಕೆತ್ತಿಸುತ್ತಿದ್ದ. ಕಲ್ಲಿನಲ್ಲಿ ಸುಳ್ಳು ಕೆತ್ತಿಸಿದವನು ಸೂರ್ಯಚಂದ್ರರಿರುವ ತನಕ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವಾಕ್ಯ ಅಲ್ಲಿನ ಶಾಸನಗಳ ಕೊನೆಯಲ್ಲಿರುತ್ತಿತ್ತಲ್ಲ, ಅದನ್ನು ಕೆತ್ತುವವರು ನಂಬುತ್ತಿದ್ದರೋ ಇಲ್ಲವೋ, ಏಚಿರಾಜ ಮಾತ್ರ ಬೆವರುವಷ್ಟು ನಂಬಿದ್ದ. ಒಮ್ಮೆ ಆಸ್ಥಾನಕವಿ ಮಹಾರಾಜನನ್ನು "ಮನ್ಮಥಾಕಾರ" ಎಂದು ಬರೆದಿದ್ದಾಗ, ಮಹಾರಾಜನ ಹೊಟ್ಟೆಯ ಕಡೆ ಒಮ್ಮೆ ನೋಡಿ, ಆ ಪದವನ್ನು ಉಳಿಯಿಂದ ತೆಗೆಸಿಹಾಕಿದ್ದ. ಬಾಯಲ್ಲಿ ಆಡುವ ಮಾತಿಗೆ ಇಂಥ ಕಟ್ಟುನಿಟ್ಟೇನೂ ಇರಲಿಲ್ಲ.

ಕತೆ ಇಲ್ಲಿಂದ ಶುರು. ಒಂದು ಬೆಳಿಗ್ಗೆ ಮಸಣಯ್ಯನ ಹೆಂಡತಿ ಹೊನ್ನವ್ವೆ ಒರಳುಕಲ್ಲು ನುಣುಪಾಗಿದೆ, ಉಳಿಯಿಂದ ಅದರ ಹಲ್ಲು ಕುಟ್ಟಿಸಿಕೊಂಡು ಬನ್ನಿ ಎಂದಳು. ರಣರಂಗದಲ್ಲಿ ಮದ್ದಾನೆಯನ್ನು ಕೆಡವಿದ ವೀರ ಒರಳನ್ನು ಹೆಗಲಿಗೇರಿಸಿಕೊಂಡು ಕಲ್ಲುಕುಟಿಗರ ಕೇರಿಗೆ ಹೋದ. ಶಿಲ್ಪಿ ಬಾಗೋಜ ಊಟಕ್ಕೆ ಎದ್ದಿದ್ದ. ಚಪ್ಪರದ ಮೂಲೆಯಲ್ಲಿ ಹುಲ್ಲು ಹೊದಿಸಿದ ಎತ್ತರದ ಕಲ್ಲೊಂದಿತ್ತು. ಒರಳು ಇಳಿಸುವಾಗ ಹುಲ್ಲು ಜಾರಿತು. ಒಳಗಿಂದ ಮಸಣಯ್ಯನೇ ಮಸಣಯ್ಯನನ್ನು ನೋಡಿದ.

ಅದು ವೀರಗಲ್ಲು. ಸತ್ತ ವೀರರ ನೆನಪಿಗೆ ನಿಲ್ಲಿಸುವ ಕಲ್ಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಒಬ್ಬ ಯೋಧನನ್ನು ತೋಳು ಹಿಡಿದು ಸ್ವರ್ಗಕ್ಕೆ ಒಯ್ಯುತ್ತಿದ್ದರು. ಅವನಿಗೆ ತಿರುವಿದ ಮೀಸೆ, ಹುಬ್ಬಿನ ಮೇಲೆ ಗಾಯದ ಗೆರೆ, ಎಡಗಾಲಲ್ಲಿ ತೊಡರು. ಮೇಲಿನ ಪಟ್ಟಿಕೆಯಲ್ಲಿ ಪದ್ಮಾಸನ ಹಾಕಿ ಕುಳಿತ ದೇವರು, ತಲೆಯ ಮೇಲೆ ಹೆಡೆ ಬಿಚ್ಚಿದ ಹಾವು.

ಬಾಗೋಜ ಕೈ ಒರೆಸಿಕೊಳ್ಳುತ್ತಾ ಬಂದವನು ಅಲ್ಲೇ ನಿಂತ.

"ಅದು... ಬೇರೆ ಯಾರದೋ ಮಸಣಯ್ಯನವರೇ."

"ಯಾರದೋ ಅಂದರೆ? ಈ ರಾಜ್ಯದಲ್ಲಿ ತೊಡರು ಹಾಕಿದವನು ನಾನೊಬ್ಬನೇ ಕಣಯ್ಯ. ಯಾರು ಮಾಡಿಸಿದ್ದು?"

"ಬಾಯಿ ಬಿಟ್ಟರೆ ಬೆರಳು ತೆಗೆಸುತ್ತೇವೆ ಅಂದಿದ್ದಾರೆ. ನನ್ನ ಅನ್ನ ಇರುವುದು ಬೆರಳಲ್ಲಿ. ಕಾಲಿಗೆ ಬೀಳುತ್ತೇನೆ, ಕೇಳಬೇಡಿ."

ಮಸಣಯ್ಯ ಒರಳು ಅಲ್ಲೇ ಬಿಟ್ಟು ಮನೆಗೆ ಬಂದ. ವೇಳೆವಾಳಿಗೆ ವೀರಗಲ್ಲು ಸಿದ್ಧವಾಗಿದೆ ಎಂದರೆ ವೇಳೆವಾಳಿ ಸಾಯುತ್ತಾನೆ. ವೇಳೆವಾಳಿ ಸಾಯುವುದು ಮಹಾರಾಜ ಸತ್ತರೆ ಮಾತ್ರ. ಮಹಾರಾಜನ ಸಾವಿನ ದಿನ ಯಾರಿಗೋ ಮೊದಲೇ ಗೊತ್ತಿದೆ.

"ಒರಳೆಲ್ಲಿ?" ಎಂದಳು ಹೊನ್ನವ್ವೆ.

ಅವನು ಎಲ್ಲವನ್ನೂ ಹೇಳಿದ. ಹೊನ್ನವ್ವೆ ಅವನ ಮೀಸೆಯನ್ನೇ ನೋಡಿದಳು. ಆಮೇಲೆ, "ಮೀಸೆ ಚೆನ್ನಾಗಿ ಕೆತ್ತಿದ್ದಾನಾ?" ಎಂದಳು. ಕೇಳಿದ್ದು ತಮಾಷೆಯಾಗಿ, ಆದರೆ ದನಿ ನಡುವೆ ಮುರಿಯಿತು. "ನಿಮ್ಮ ರಾಜನಿಗೆ ಹೇಳಿ."

"ಸಾಕ್ಷಿಯಿಲ್ಲದೆ ಏನಂತ ಹೇಳಲೇ? ಮೊದಲು ಮಾಡಿಸಿದವರು ಯಾರು ಅಂತ ತಿಳಿಯಬೇಕು. ಕಲ್ಲು ಮಾಡಿಸಿದವರು ತಮ್ಮ ದೇವರನ್ನಲ್ಲದೆ ಪರರ ದೇವರನ್ನು ಮೇಲೆ ಕೂರಿಸುತ್ತಾರಾ? ಆ ಹಾವು ಯಾರದು ಅಂತ ಗೊತ್ತಾದರೆ ಕಳ್ಳ ಸಿಕ್ಕ."

ಆನೆ ಕೆಡವುವವನಿಗೆ ಅಷ್ಟು ಹೊಳೆದದ್ದೇ ಹೆಚ್ಚು. ಆದರೆ ಹಾವಿನ ದಾರಿ ಹಿಡಿದದ್ದೇ ಎಡವಟ್ಟಾಯಿತು.

ಮೊದಲು ಬಸದಿಗೆ ಹೋಗಿ ನಗರಸೆಟ್ಟಿಯನ್ನು ಕೇಳಿದ. "ಹೆಡೆಯ ಕೆಳಗೆ ಪದ್ಮಾಸನವೇ? ಅದು ಪಾರ್ಶ್ವನಾಥಸ್ವಾಮಿ. ತಪಸ್ಸಿಗೆ ವಿಘ್ನವೊಡ್ಡಿದ ಉಪಸರ್ಗದ ಕಾಲದಲ್ಲಿ ನಾಗರಾಜನು ಛತ್ರವಾಗಿ ರಕ್ಷಿಸಿದ ಕುರುಹು," ಎಂದು ಸೆಟ್ಟಿ ಕಣ್ಣು ಮುಚ್ಚಿ ಕೈಮುಗಿದ. ಓಹೋ, ಸೆಟ್ಟಿಯೇ ಸರಿ ಎಂದುಕೊಂಡ ಮಸಣಯ್ಯ.

ಆದರೂ ಇರಲಿ ಎಂದು ಮಠಕ್ಕೆ ಹೋಗಿ ರಾಜಗುರುವನ್ನು ಕೇಳಿದ. "ಮೂಢ! ಸರ್ಪಭೂಷಣನಾದ ಯೋಗೀಶ್ವರನಲ್ಲದೆ ಮತ್ತಾರು? ಕಾಲವನ್ನು ಕೊರಳಿಗೆ ಸುತ್ತಿಕೊಂಡವನು ಆತ," ಎಂದು ರಾಜಗುರು ಗದರಿದ. ಹಾಗಾದರೆ ಸೆಟ್ಟಿಯಲ್ಲ, ರಾಜಗುರು.

ಅಲ್ಲಿಂದ ಪಟ್ಟದರಾಣಿಯ ಬಳಿಗೆ ಹೋದ. ಆಕೆ ತುಳಸಿಗೆ ನೀರೆರೆಯುತ್ತಾ, "ಆದಿಶೇಷನಯ್ಯ. ಪರಮಪದದಲ್ಲಿ ಸ್ವಾಮಿ ಕೂರುವುದೇ ಅವನ ಮೇಲೆ. ಯಾಕೆ ಕೇಳಿದೆ?" ಎಂದಳು. ಅಯ್ಯೋ, ರಾಣಿಯೇ!

ದಾರಿಯಲ್ಲಿ ಹುತ್ತಕ್ಕೆ ಹಾಲೆರೆಯುತ್ತಿದ್ದ ಮುದುಕಿಯೊಬ್ಬಳನ್ನೂ ಕೇಳಿದ. "ಹಾವು ಅಂದ್ರೆ ಹಾವು ಕಣಪ್ಪ. ಹಾಲು ಹಾಕಿದ್ರೆ ಕಚ್ಚಲ್ಲ ಅಂತಾರೆ. ನಂಗೇನ್ ಗೊತ್ತು?" ಎಂದಳು. ಅವಳ ಮೇಲೂ ಅವನಿಗೆ ಅನುಮಾನ ಬಂತು.

ಹೀಗೆ ಸಂಜೆಯ ಹೊತ್ತಿಗೆ ಪೊನ್ನಾಳದಲ್ಲಿ ಮಹಾರಾಜನನ್ನು ಕೊಲ್ಲದವರು ಯಾರೂ ಉಳಿಯಲಿಲ್ಲ.

ಅಷ್ಟರಲ್ಲಿ ಅನುಮಾನ ಅವನ ಬೆನ್ನಿಗೇ ಬಿದ್ದಿತ್ತು. ಮಹಾರಾಜನ ಅಂಗರಕ್ಷಕ ಊರೆಲ್ಲ ಸುತ್ತಿ ಹಾವಿನ ವಿಚಾರ ಕೇಳುತ್ತಾನೆಂದರೆ ಏನರ್ಥ? ಸೆಟ್ಟಿ ಇದು ರಾಜಗುರುವಿನ ಕಡೆಯವರ ಗೂಢಸಂಕೇತ ಎಂದ. ರಾಜಗುರು ಇದು ಸೆಟ್ಟಿಯ ಪಿತೂರಿ ಎಂದ. ರಾಣಿಯ ಕಡೆಯವರು ಇಬ್ಬರೂ ಸೇರಿದ್ದಾರೆಂದರು. ಅಡಿಗೆಯವನು ಹಾವಿನ ವಿಷದ ಸುದ್ದಿ ಕೇಳಿ ಊರು ಬಿಟ್ಟ. ಮಹಾರಾಜನ ಹಾಲನ್ನು ಪರೀಕ್ಷೆಗೆಂದು ಎಷ್ಟು ಮಂದಿ ರುಚಿ ನೋಡಿದರೆಂದರೆ, ಮಹಾರಾಜನ ಬಳಿಗೆ ಬಂದದ್ದು ಖಾಲಿ ತಂಬಿಗೆ. ಮರುದಿನ ಬೆಳಿಗ್ಗೆ ತುಂಬಿದ ಸಭೆಗೆ ಮಸಣಯ್ಯನನ್ನು ಹಿಡಿದು ತರಿಸಿದರು. ಏಚಿರಾಜನ ಆಳುಗಳು ವೀರಗಲ್ಲನ್ನೂ ಹೊತ್ತು ತಂದು, ಕಣಗಿಲೆ ಹೂವಿನ ಮಾಲೆ ಹಾಕಿ ನಿಲ್ಲಿಸಿದರು. ಹಿಂದೆಯೇ ಬಾಗೋಜ, ಹೆಂಗಸರ ಸಾಲಿನಲ್ಲಿ ಹೊನ್ನವ್ವೆ.

"ಮಸಣಯ್ಯ, ಊರಲ್ಲಿ ಹಾವು ಬಿಟ್ಟೆಯಂತಲ್ಲ?" ಎಂದ ಮಹಾರಾಜ. ಕೆಮ್ಮಿದ. ಮಸಣಯ್ಯನ ಕೈ ಕುತ್ತಿಗೆಗೆ ಹೋಯಿತು.

"ಪ್ರಭು, ಈ ಕಲ್ಲು ಮಾಡಿಸಿದವನು ತಮ್ಮ ಪ್ರಾಣಕ್ಕೆ ಹೊಂಚು ಹಾಕಿದ್ದಾನೆ. ಅವನು ಯಾರೆಂದು..."

"ನಾನೇ."

ಸಭೆಯೆಲ್ಲ ಸಿಂಹಾಸನದ ಕಡೆ ತಿರುಗಿತು.

"ನಾನೇ ಮಾಡಿಸಿದ್ದು," ಎಂದ ಮಹಾರಾಜ ಮೆಲ್ಲಗೆ. "ಕಾವಣ್ಣ ಹೇಳಿದ್ದಾನೆ, ನನ್ನ ಕಾಲ ಮುಗಿಯುತ್ತಾ ಬಂತಂತೆ. ನಾನು ಹೋಗುವುದಿರಲಿ. ನನ್ನ ಹಿಂದೆ ಇನ್ನೂ ನರೆಯದ ನಿನ್ನ ತಲೆ ಉರುಳುವುದನ್ನು ಯೋಚಿಸಿದರೆ ಅನ್ನ ಇಳಿಯುವುದಿಲ್ಲ. ದೇಶಾಂತರ ಹೋಗಿ ಬಾರದವನಿಗೆ ದರ್ಭೆಯ ಬೊಂಬೆ ಮಾಡಿ ಸುಟ್ಟರೆ ಅವನು ಸತ್ತಂತೆಯೇ ಅಲ್ಲವೇ? ಹಾಗೆಯೇ ಈ ಕಲ್ಲನ್ನು ವಿಧಿಪೂರ್ವಕ ನಿಲ್ಲಿಸಿದರೆ ನೀನು ಆಣೆಯಂತೆ ಸತ್ತಾಯಿತು. ಸತ್ತವನು ಮತ್ತೆ ಸಾಯಬೇಕಾಗಿಲ್ಲ. ತೊಡರು ಕತ್ತರಿಸಿಕೊಂಡು ಹೊನ್ನವ್ವೆಯ ಜೊತೆ ಬಾಳು. ಇಂದೇ ನಿಲ್ಲಿಸಿ ನಿನ್ನನ್ನು ಬೆಚ್ಚಿಬೀಳಿಸೋಣ ಎಂದಿದ್ದೆ, ನೀನೇ ಊರನ್ನು ಬೆಚ್ಚಿಬೀಳಿಸಿದೆ."

ಹೆಂಗಸರ ಸಾಲಿನಲ್ಲಿ ಹೊನ್ನವ್ವೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ರಾಜಗುರು ಎದ್ದ. "ಮಹಾರಾಜ, ಇದು ಸಲ್ಲದು. ಕಲ್ಲು ಕೇವಲ ಸಂಕೇತ. ಆಣೆ ಇಟ್ಟದ್ದು ಶಿರಸ್ಸಿನ ಮೇಲೆ."

"ಹಾಗೋ? ಹಾಗಾದರೆ ನಾಳೆಯಿಂದ ತಮ್ಮ ಮಠದ ಸಂಕೇತಕ್ಕೆ ಹಾಲೆರೆಯುವುದನ್ನು ನಿಲ್ಲಿಸೋಣವೇ ಗುರುಗಳೇ?"

ರಾಜಗುರು ಕೂತ. ಸೆಟ್ಟಿಗೆ ನಗು ತಡೆಯಲಾಗಲಿಲ್ಲ.

"ಬಸದಿಯಲ್ಲಿರುವುದೂ ಕಲ್ಲೇ ತಾನೇ ಸೆಟ್ಟಿಯರೇ?" ಎಂದ ಮಹಾರಾಜ ಅವನತ್ತ ತಿರುಗಿ.

ಸೆಟ್ಟಿಯ ನಗು ನಿಂತಿತು. ತನ್ನ ಸರದಿ ಬರುವ ಮೊದಲೇ ರಾಣಿ ಮುಖವನ್ನು ಆ ಕಡೆ ತಿರುಗಿಸಿದಳು. ಮೂವರೂ ತಮ್ಮ ತಮ್ಮ ದೇವರನ್ನು ಉಳಿಸಿಕೊಳ್ಳಲು ಈ ಕಲ್ಲನ್ನು ಸಾವೆಂದು ಒಪ್ಪಲೇಬೇಕಾಯಿತು.

"ಸಾಧು! ಸಾಧು!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಏಚಿರಾಜ. "ಪ್ರಭುಗಳ ಕರುಣೆ ಅಪಾರ. ಒಂದು ಸಣ್ಣ ವಿಷಯ ಮಾತ್ರ. ಶಾಸ್ತ್ರರೀತ್ಯಾ ಸತ್ತವನು ಅರಮನೆಯ ಹೊಸ್ತಿಲು ತುಳಿಯುವಂತಿಲ್ಲ. ಮಸಣಯ್ಯನವರು ಇಂದೇ ನಗರದಿಂದ ಹೊರಗೆ ವಾಸಮಾಡತಕ್ಕದ್ದು. ಕಾವಲಿಗೆ ನಮ್ಮ ಕಡೆಯವರು ಇದ್ದಾರಲ್ಲ."

ಬಾಗೋಜ ಉಳಿ ಹಿಡಿದು ಮಸಣಯ್ಯನ ಕಾಲಬುಡದಲ್ಲಿ ಕೂತ. ಬದುಕು ಕಾಲಬುಡಕ್ಕೆ ಬಂದು ಕೂತಿದೆ. ಕಾಲು ಚಾಚಿದರಾಯಿತು. ಚಾಚಿದ ಕೂಡ. ಆದರೆ ನಿನ್ನೆಯಿಂದ ಅಂಟಿದ ಅನುಮಾನದ ಚಟ ಬಿಡಲಿಲ್ಲ. ಕಾವಲಿಗೆ ಅವರ ಕಡೆಯವರೇ ಯಾಕೆ? ಅವನು ಕಲ್ಲನ್ನು ಮತ್ತೊಮ್ಮೆ ನೋಡಿದ. ಈ ಸಲ ಮೇಲೆ ಹಾವನ್ನಲ್ಲ, ಕೆಳಗೆ.

ಕೆಳಗಿನ ಪಟ್ಟಿಕೆಯಲ್ಲಿ ಸಾವು ಹೇಗಾಯಿತೆಂಬುದನ್ನು ಕೆತ್ತುವುದು ಪದ್ಧತಿ. ಯುದ್ಧವಾದರೆ ಯುದ್ಧ, ಹುಲಿಯಾದರೆ ಹುಲಿ. ಅಲ್ಲಿ ಮಂಚದ ಮೇಲೆ ಮಹಾರಾಜ ಮಲಗಿದ್ದ. ಪಕ್ಕದಲ್ಲಿ ಮೂಲಿಕೆಯ ಚೀಲ ತೂಗುಹಾಕಿಕೊಂಡ ಒಬ್ಬ ಅವನ ಬಾಯಿಗೆ ಬಟ್ಟಲು ಹಿಡಿದಿದ್ದ.

"ಬಾಗೋಜ, ಆ ಹಾವು ಯಾರು ಹೇಳಿ ಕೆತ್ತಿಸಿದ್ದು?"

"ಯಾರೂ ಇಲ್ಲ ಸ್ವಾಮಿ. ಮೇಲೆ ಜಾಗ ಉಳಿದಿತ್ತು. ಹಾವು ಕೆತ್ತಿದರೆ ಯಾವ ಮತದವರೂ ಬೇಡ ಅನ್ನುವುದಿಲ್ಲ."

ಸೆಟ್ಟಿ, ರಾಜಗುರು, ರಾಣಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೆಳಗಿನದು?"

"ಅದು ಪ್ರಧಾನರು ಹೇಳಿದ್ದು. ಮಹಾರಾಜರು ವಿವರವನ್ನೆಲ್ಲ ಪ್ರಧಾನರಿಂದ ಕೇಳಿಕೋ ಅಂದಿದ್ದರು."

ಮಸಣಯ್ಯ ಕಾಲು ಹಿಂದೆಳೆದುಕೊಂಡ. "ಪ್ರಭು, ನನ್ನದೊಂದು ಆಸೆ. ಯೋಧನ ಕಲ್ಲಿನಲ್ಲಿ ಬಟ್ಟಲು ಏನು ಚೆಂದ? ಅದನ್ನು ಕೆತ್ತಿ ತೆಗೆದುಬಿಡಲಿ. ಬರಿಯ ಮಂಚ ಇರಲಿ."

"ಆಗಲಿ, ಅದಕ್ಕೇನಂತೆ," ಎಂದ ಮಹಾರಾಜ. ಬಾಗೋಜ ಉಳಿಯನ್ನು ಬಟ್ಟಲಿನ ಮೇಲಿಟ್ಟು ಸುತ್ತಿಗೆ ಎತ್ತಿದ.

"ನಿಲ್ಲು!" ಏಚಿರಾಜ ಆಸನದಿಂದ ಜಿಗಿದಿದ್ದ. ಹಣೆಯ ಮೇಲೆ ಬೆವರು. "ಮುಟ್ಟಬೇಡ! ಅದನ್ನು ತೆಗೆದರೆ ಕಲ್ಲು ಸುಳ್ಳಾಗುತ್ತದೆ! ಮಾಡಿಸಿದವರಿಗೆ ಮಹಾಪಾಪ..."

ಅಷ್ಟು ಹೇಳಿ ಅವನೇ ತನ್ನ ಬಾಯಿ ಮುಚ್ಚಿಕೊಂಡ.

"ಅಲ್ಲ ಮಹಾಪ್ರಧಾನರೇ," ಎಂದ ಮಸಣಯ್ಯ, "ಮಹಾರಾಜರು ಸಾಯುವುದು ರೋಗದಿಂದಾದರೆ, ಬಟ್ಟಲು ತೆಗೆದರೆ ಸುಳ್ಳು ಹೇಗಾಯಿತು?"

ಕೊಲ್ಲಲು ಅಂಜದವನು ಕಲ್ಲಿಗೆ ಅಂಜಿದ್ದ. ಹೇಲಿನ ಹುಳುವಾಗುವ ಭಯಕ್ಕೆ, ತಾನು ಮಾಡಲಿದ್ದ ಕೊಲೆಯನ್ನು ಇದ್ದದ್ದು ಇದ್ದ ಹಾಗೆ, ಚೀಲದ ದಾರ ಸಮೇತ ಕೆತ್ತಿಸಿಬಿಟ್ಟಿದ್ದ. ಚಿಹ್ನೆಗಳಲ್ಲಿ ಮುಳುಗಿದ ಆ ಊರಲ್ಲಿ ಬಟ್ಟಲನ್ನು ಬಟ್ಟಲಾಗಿ ನೋಡುವವರು ಯಾರಿದ್ದಾರೆ, ಅದನ್ನೂ ಅಮೃತವೆಂದೋ ಅಭಿಷೇಕವೆಂದೋ ಓದುತ್ತಾರೆ ಎಂದು ನಂಬಿದ್ದ. ನಂಬಿದ್ದು ತಪ್ಪೂ ಅಲ್ಲ.

ಮಹಾರಾಜ ಕಲ್ಲಿನ ಬಟ್ಟಲನ್ನು ನೋಡಿದ, ಸಭೆಯಲ್ಲಿ ಕೂತಿದ್ದ ರಾಜವೈದ್ಯನನ್ನು ನೋಡಿದ. ಆಮೇಲೆ, "ಕಾವಣ್ಣ, ನನಗೆ ರೋಗವಿದೆಯೇ ಎಂದು ನೋಡಲು ನಿನ್ನನ್ನು ಕರೆತಂದವರು ಯಾರು? ಕಲ್ಲಿನ ಉಪಾಯವನ್ನು ನನ್ನ ಕಿವಿಯಲ್ಲಿ ಹಾಕಿದವರೂ ಆ ಪ್ರಧಾನರೇ. ಹೋಗಲಿ ಬಿಡು. ಇಂದಿನ ಕಷಾಯ ಈಗಲೇ ತರಿಸುತ್ತೇನೆ, ನೀನೇ ಕುಡಿ," ಎಂದ.

ಕಾವಣ್ಣ ಕುಡಿಯಲಿಲ್ಲ. ಅಡ್ಡಬಿದ್ದು ಎಲ್ಲವನ್ನೂ ಒದರಿದ. ಕಷಾಯದಿಂದಲೇ ಕೆಮ್ಮು, ಕೆಮ್ಮಿನಿಂದ ಕರುಣೆ, ಕರುಣೆಯಿಂದ ಕಲ್ಲು. ತನ್ನ ತಲೆ ಉಳಿಸಿಕೊಳ್ಳಲಾದರೂ ಮಹಾರಾಜನನ್ನು ಕಾಯುವ ಒಬ್ಬನೇ ಒಬ್ಬ ಕಾವಲುಗಾರ ಹೊರಗೆ ಹೋದ ಮೇಲೆ, ಕೊನೆಯ ಬಟ್ಟಲು. ಏಚಿರಾಜನ ಕೈಗೆ ಕೋಳ ಬಿತ್ತು. ಹೋಗುವಾಗಲೂ ಅವನು ಕೇಳಿದ್ದು ಒಂದೇ: "ಆ ಬಟ್ಟಲು ಈಗ ಸುಳ್ಳಾಯಿತಲ್ಲ, ಅದನ್ನು ಒಡೆಸುತ್ತೀರಿ ತಾನೇ?"

ಸಭೆ ಹಗುರವಾಯಿತು. ಮಹಾರಾಜ ಸಿಂಹಾಸನ ಬಿಟ್ಟು ಇಳಿದು ಬಂದು ಮಸಣಯ್ಯನ ಹೆಗಲ ಮೇಲೆ ಕೈಯಿಟ್ಟ.

"ಉಪಾಯ ದ್ರೋಹಿಯದಾದರೂ ಕರುಣೆ ನನ್ನದೇ. ಕಲ್ಲು ನಿಲ್ಲಲಿ. ನೀನು ಬಿಡುಗಡೆಯಾಗು."

ಮಸಣಯ್ಯ ಹೆಂಡತಿಯ ಕಡೆ ನೋಡಿದ. ಅವಳು ಅವನ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದಳು, ತೊಡರನ್ನು. ಏಚಿರಾಜ ಹೋದ. ಅವನ ಆಸನ ಖಾಲಿಯಾಗಿದೆ. ನಾಳೆ ಅಲ್ಲಿ ಇನ್ನೊಬ್ಬ ಕೂರುತ್ತಾನೆ. ಅವನಿಗೂ ಒಂದು ಬಟ್ಟಲು ಸಿಗುವುದು ಕಷ್ಟವಲ್ಲ.

"ಬಾಗೋಜ, ಸುತ್ತಿಗೆ ಕೊಡು."

"ತೊಡರು ನಾನೇ ಕತ್ತರಿಸುತ್ತೇನೆ ಸ್ವಾಮಿ, ಕಾಲಿಗೆ ತಾಗೀತು."

"ಕೊಡು ಅಂದೆ."

ಸುತ್ತಿಗೆ ತೆಗೆದುಕೊಂಡು ಕಲ್ಲಿನ ಎದುರು ನಿಂತ. ಅಪ್ಸರೆಯರ ನಡುವೆ ಅವನದೇ ಮುಖ, ಅವನಿಗಿಂತ ಸ್ವಲ್ಪ ಚೆಲುವಾಗಿ, ಯಾವ ಭಯವೂ ಇಲ್ಲದೆ ನಗುತ್ತಿತ್ತು. ಸುತ್ತಿಗೆ ಎತ್ತಿದ.

"ಅಯ್ಯೋ, ಬೇಡಾ ರೀ!" ಎಂದು ಹೊನ್ನವ್ವೆ ಕೂಗಿದಳು.

ಸುತ್ತಿಗೆ ಇಳಿಯಿತು. ಕಲ್ಲಿನ ಮುಖ ಚೂರಾಗಿ ನೆಲದ ಮೇಲೆ ಚೆಲ್ಲಿತು.

"ನಾನು ಇನ್ನೂ ಸತ್ತಿಲ್ಲ ಪ್ರಭು," ಎಂದ ಮಸಣಯ್ಯ. "ತಮ್ಮ ಮೇಲೆ ಕೈಯೆತ್ತುವವರು ನನ್ನನ್ನೂ ನೆನೆಸಿಕೊಂಡೇ ಎತ್ತಲಿ."

ಮಹಾರಾಜನಿಗೆ ಕೆಮ್ಮು ನಿಂತಿತು. ಮೈ ತುಂಬಿತು. ಅವನ ಮೇಲೆ ಮತ್ತೆ ಯಾರೂ ಕೈಯೆತ್ತಲಿಲ್ಲ. ಹೊನ್ನವ್ವೆ ಬಹುಕಾಲ ಗಂಡನ ಜೊತೆ ಮಾತು ಬಿಟ್ಟು, ಆಮೇಲೆ ಎರಡರಷ್ಟು ಆಡಿದಳು. ಎಷ್ಟೋ ವರ್ಷಗಳ ನಂತರ ಹಣ್ಣುಹಣ್ಣು ಮುದುಕನಾಗಿ ಮೊದಲು ತೀರಿಕೊಂಡವನು ಮಸಣಯ್ಯನೇ. ಚಟ್ಟಕ್ಕೆ ಹೆಗಲು ಕೊಟ್ಟವನು ಕೋಲೂರಿಕೊಂಡು ಬಂದ ಗೋಣರಸ ಮಹಾರಾಜ.

ಚೆನ್ನಾಗಿದೆ ಅಲ್ವಾ? ಆದರೆ ಹೊನ್ನವ್ವೆ ಕೂಗಿದ ನಂತರದ್ದೆಲ್ಲ ನಾನು ಕಟ್ಟಿದ್ದು. ನನಗೆ ಕತೆ ಹೇಳಿದ ಮುದುಕ ಆ ಕೂಗಿಗೇ ಕತೆ ನಿಲ್ಲಿಸಿ, ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಎದ್ದಿದ್ದ. ಸುತ್ತಿಗೆ ಕಲ್ಲಿನ ಮುಖದ ಮೇಲೆ ಬಿತ್ತೋ ತೊಡರಿನ ಮೇಲೆ ಬಿತ್ತೋ ಎಂದು ಬೆನ್ನು ಹತ್ತಿ ಕೇಳಿದೆ. "ನೀನಾಗಿದ್ದರೆ ಯಾವುದಕ್ಕೆ ಹೊಡೀತಿದ್ದೆ?" ಅಂದ. ನಾನಾಗಿದ್ದರೆ ತೊಡರಿಗೇ ಹೊಡೆದು, ಹೆಂಡತಿಯ ಕೈ ಹಿಡಿದು, ಹಿಂದೆ ತಿರುಗಿ ನೋಡದೆ ಓಡುತ್ತಿದ್ದೆ. ಅದಕ್ಕೇ ಅವನ ಕೈಯಲ್ಲಿ ಮುಖಕ್ಕೆ ಹೊಡೆಸಿದೆ.